ನದಿದಂಡೆಗೆ ಹೊದಿಸಿದ ಕೌದಿ

ಗುರು ಅಂದರೆ ಗಡ್ಡ, ಜಪಮಾಲೆ, ಹುಲಿಚರ್ಮ ಇರಲೇಬೇಕು ಅಂದುಕೊಂಡು ಬಂದವರು ಆ ಆಶ್ರಮದಲ್ಲಿ ಒಂದು ಗಳಿಗೆ ತಬ್ಬಿಬ್ಬಾಗುತ್ತಿದ್ದರು.

ಅಲ್ಲಿ ಇದ್ದವರು ಸಾವಂತ್ರವ್ವ. ಹೊಳೆಯ ತಿರುವಿನಲ್ಲಿ, ಬಣ್ಣ ಕುದಿಸುವ ಒಲೆಯ ಮುಂದೆ, ಮೊಣಕೈತನಕ ಹಳದಿ ಮೆತ್ತಿಕೊಂಡು ಕೂತಿರುತ್ತಿದ್ದ ಮುದುಕಿ.

"ಗುರುಗಳು ಎಲ್ಲಿ ಅದಾರ್ರಿ?" ಎಂದು ಬಂದವರು ಅವರನ್ನೇ ಕೇಳುತ್ತಿದ್ದರು.

"ಬರ್ತಾರ. ಅಲ್ಲೀತನಾ ಆ ಕಟ್ಟಿಗಿ ಒಂದೀಟು ಒಲಿಯೊಳಗ ನೂಕ್ರಿ," ಎನ್ನುತ್ತಿದ್ದರು ಸಾವಂತ್ರವ್ವ.

ಕಟ್ಟಿಗೆ ನೂಕಿದವರು ಉಳಿಯುತ್ತಿದ್ದರು. ನೂಕದವರು ಬೇರೆ ಗುರುವನ್ನು ಹುಡುಕಿಕೊಂಡು ಹೋಗುತ್ತಿದ್ದರು. ಶಿಷ್ಯರನ್ನು ಆರಿಸಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗಂತೂ ಗೊತ್ತಿಲ್ಲ.

ತಿರಕಪ್ಪ ಕಟ್ಟಿಗೆ ನೂಕಿದವನು.

ಅವನು ಬಣ್ಣಗಾರರ ಮನೆಯ ಮಗ. ಕೈಯಲ್ಲಿ ಕಲೆ ಇತ್ತು. ಮುತ್ತಲ ಹೂವಿನ ನೀರಿನಲ್ಲಿ ಅವನು ಅದ್ದಿ ತೆಗೆದ ಬಟ್ಟೆಯ ಮೇಲೆ ಜೇನುಹುಳು ಬಂದು ಕೂರುತ್ತವೆ ಎಂದು ಜನ ಉಬ್ಬಿಸಿ ಹೇಳುತ್ತಿದ್ದರು. ಅವನೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ.

ಅವನಿಗೆ ಇದ್ದದ್ದು ಒಂದೇ ಭಯ. ಬಣ್ಣ ಬಿಡಬಾರದು. ಒಗೆದಾಗ ನೀರು ಕೆಂಪಾಯಿತೆಂದರೆ ಅವನಿಗೆ ಆ ದಿನ ಊಟ ಸೇರುತ್ತಿರಲಿಲ್ಲ.

ಆ ವರ್ಷ ಹೊಳೆ ದಂಡೆಯನ್ನು ತಿನ್ನುತ್ತಾ ಬಂದಿತ್ತು.

ಆಶ್ರಮದ ಪಕ್ಕದಲ್ಲೇ ಅಂಬಿಗರ ಓಣಿ. ಹಿಂದಿನ ಮಳೆಗಾಲದಲ್ಲಿ ಆ ಓಣಿಯ ಹಿತ್ತಲುಗಳು ಒಂದೊಂದಾಗಿ ನೀರಿಗೆ ಜಾರಿದ್ದವು. ತುದಿಯ ಮನೆ ಫಕೀರವ್ವನದು. ಮೊದಲು ಅವಳ ಬಟ್ಟೆ ಒಗೆಯುವ ಕಲ್ಲು ಹೋಯಿತು, ಆಮೇಲೆ ದನದ ಕೊಟ್ಟಿಗೆ. ಈಗ ಅಡುಗೆಮನೆಯ ಗೋಡೆಯಾಚೆ ಕಾಲಿಡಲು ಜಾಗವಿರಲಿಲ್ಲ. ಇನ್ನೊಂದು ನೆರೆ ಬಂದರೆ ಮನೆ ಹೋಗುತ್ತದೆ, ಮನೆಯ ಹಿಂದೆ ಓಣಿಯೂ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಓಣಿಯವರು ಸಾವಂತ್ರವ್ವನವರ ಹತ್ತಿರ ಬಂದರು.

"ಅವ್ವಾರ, ಕಲ್ಲ ಒಟ್ಟಿ ನೋಡಿದ್ವಿ. ಕಲ್ಲೂ ಜಾರಿ ಹೋದ್ವು," ಎಂದ ದಾವಲಸಾಬ. ಅವನು ಆ ಓಣಿಯ ಹಿರಿಯ. ನಾವೆ ನಡೆಸುತ್ತಿದ್ದ, ಹುರುಳಿಯನ್ನೂ ಬೆಳೆಯುತ್ತಿದ್ದ.

ಸಾವಂತ್ರವ್ವ ಎದ್ದು ದಂಡೆಗೆ ನಡೆದರು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದರು. ಬೆರಳಸಂದಿಯಲ್ಲಿ ಅದು ಹಿಟ್ಟಿನ ಹಾಗೆ ಸೋರಿಹೋಯಿತು.

"ಮೈಮ್ಯಾಲೆ ಏನೂ ಇಲ್ಲ ಇದಕ್ಕ," ಎಂದರು. "ಹೊದಸ್ರಿ."

"ಏನ ಹೊದಸೂಣ್ರಿ?"

"ಮನ್ಯಾಗ ಥಂಡಿ ಹತ್ತಿದವ್ರಿಗೆ ಏನ ಹೊದಸ್ತೀರಿ?"

"ಕೌದಿ."

"ಹಂಗಾರ ಕೌದಿ ಹೊಲೀರಿ."

ದಾವಲಸಾಬ ಉಳಿದವರ ಮುಖ ನೋಡಿದ. ಉಳಿದವರು ಅವನ ಮುಖ ನೋಡಿದರು. ಅವ್ವನವರಿಗೆ ವಯಸ್ಸಾಯಿತು ಎಂದು ಯಾರೋ ಒಬ್ಬರಾದರೂ ಅಂದುಕೊಂಡಿರಬೇಕು. 

ಸಾವಂತ್ರವ್ವ ಕಟ್ಟಳೆ ಹೇಳಿದರು. ಬಟ್ಟೆ ಅವರವರ ಮನೆಯ ಹಳೆಯ ಬಟ್ಟೆಯೇ ಆಗಬೇಕು. ಬಣ್ಣ ಅವರವರ ಬಾಗಿಲ ಮುಂದೆ ಬೆಳೆದ ಗಿಡದ್ದೇ ಆಗಬೇಕು. ಹೊಲಿಗೆ ಅವರವರ ಕೈಯದೇ ಆಗಬೇಕು.

"ಬರೇ ಕೌದಿ ಹೊದಸಬ್ಯಾಡ್ರಿ," ಎಂದು ಕೊನೆಗೆ ಸೇರಿಸಿದರು. "ಎರಡು ಪದರಿನ ನಡುವ ನಿಮ್ಮನಿ ಬೀಜ ಹಾಕಿ ಹೊಲೀರಿ. ಈ ದಂಡೀನೂ ಮನಿಮಗಳು. ಉಡಿ ತುಂಬ್ರಿ ಆಕಿಗೆ."

ಆ ಮಾತು ಹೆಂಗಸರಿಗೆ ಕೂಡಲೇ ನಾಟಿತು. ಮಗಳನ್ನು ಬರಿ ಉಡಿಯಲ್ಲಿ ಯಾರು ಕಳಿಸುತ್ತಾರೆ?

ಆ ಬೇಸಿಗೆಯನ್ನು ನೋಡಬೇಕಿತ್ತು. ಅಂಬಿಗರ ಓಣಿಯ ಜೊತೆ ಊರಿನ ಉಳಿದ ಓಣಿಗಳೂ ಸೇರಿಕೊಂಡವು. ಆಶ್ರಮದ ಅಂಗಳದ ತುಂಬ ಗಡಿಗೆಗಳು, ಗಡಿಗೆಗಳ ತುಂಬ ತೊಗಟೆ, ಎಲೆ, ಸಿಪ್ಪೆ. ಜಾಲಿಯ ತೊಗಟೆ ತಂದವರ ಬಟ್ಟೆ ಕಂದು ಬಣ್ಣಕ್ಕೆ ತಿರುಗಿತು. ದಾಳಿಂಬೆ ಸಿಪ್ಪೆ ತಂದವರದು ಹಳದಿ. ನೀಲಿಗಿಡ ಬೆಳೆದುಕೊಂಡಿದ್ದ ಒಬ್ಬಳು ಮಾತ್ರ ಸ್ವಲ್ಪ ಜಂಬದಲ್ಲಿ ಓಡಾಡಿದಳು.

ತಮ್ಮ ಬಾಗಿಲ ಮುಂದೆ ಏನು ಬೆಳೆದಿದೆ ಎಂದು ಎಷ್ಟೋ ಜನ ಅಂದೇ ಮೊದಲ ಸಲ ಬಗ್ಗಿ ನೋಡಿದರು. ದಿನವೂ ದಾಟುತ್ತಿದ್ದ ಗಿಡದ ಹೆಸರು ಗೊತ್ತಿಲ್ಲದೆ ಪಕ್ಕದ ಮನೆಯ ಅಜ್ಜಿಯನ್ನು ಕೇಳಿದರು. ವರ್ಷಗಳಿಂದ ಮಾತು ಬಿಟ್ಟಿದ್ದ ಎರಡು ಮನೆಯವರು ಬೇಲಿಯಲ್ಲಿದ್ದ ಒಂದೇ ಗಿಡದ ಎಲೆಗೆ ಬಂದು, ಬೇರೆ ದಾರಿಯಿಲ್ಲದೆ ಮಾತಾಡಿದರು.

"ನಮ್ಮನಿ ಮುಂದ ಏನೂ ಬೆಳದಿಲ್ರಿ ಅವ್ವಾರ," ಎಂದು ಪೇಟೆಯ ಕಡೆಯ ಒಬ್ಬಳು ನಾಚಿಕೊಂಡು ಹೇಳಿದಳು.

"ಮಣ್ಣ ಐತಿಲ್ಲ?"

"ಐತ್ರಿ. ಕೆಂಪಂದು."

"ತಗೊಂಡ ಬಾ."

ಅವಳ ತುಂಡು ಎಲ್ಲಕ್ಕಿಂತ ಚೆಂದ ಬಂತು.

ಗಂಡಸರೂ ಹೊಲಿದರು. ಅಂಬಿಗರು ಬಲೆ ಹೆಣೆಯುವ ಗಂಟನ್ನೇ ಕೌದಿಗೂ ಹಾಕಿದರು. ದಾವಲಸಾಬ ಬೆರಳು ಚುಚ್ಚಿಕೊಂಡು, ಸೂಜಿಯನ್ನು ಅದರ ಕುಲಸಮೇತ ಬೈದ. ಹೆಂಗಸರು ನಕ್ಕು ನಕ್ಕು ಸುಸ್ತಾದರು.

ಒಂದೊಂದು ಓಣಿಯದು ಒಂದೊಂದು ಉದ್ದನೆಯ ಪಟ್ಟಿ. ಹೊಲಿಗೆ ಒಂದು ಕಡೆ ನೆಟ್ಟಗೆ, ಇನ್ನೊಂದು ಕಡೆ ದನ ನಡೆದ ದಾರಿಯಂತೆ ಸೊಟ್ಟಗೆ. ಒಳಗೆ ಹುರುಳಿ, ಮಡಿಕೆ ಕಾಳು, ಅವರೆ, ಗರಿಕೆಯ ಬೀಜ. ಕೈಯಾಡಿಸಿದರೆ ಸಣ್ಣಗೆ ತಗಲುತ್ತಿದ್ದವು.

ಇದೆಲ್ಲದರ ನಡುವೆ ಸಂಕಟಪಡುತ್ತಿದ್ದವನು ತಿರಕಪ್ಪ ಒಬ್ಬನೇ.

"ಅವ್ವಾರ," ಎಂದ ಅವನು, "ಜನಾ ಪಟಿಕ ಹಾಕದನ ಬಣ್ಣ ಅದ್ದಾಕತ್ತಾರ್ರಿ. ಒಂದ ಮಳಿಗೆ ಎಲ್ಲಾ ಬಿಟ್ಟ ಹೊಕ್ಕೈತಿ. ಬಣ್ಣ ನಿಲ್ಲಂಗಿಲ್ರಿ."

"ಎದರ ಮ್ಯಾಲೆ?"

"ಅರಿವಿ ಮ್ಯಾಲ್ರಿ."

"ಅರಿವಿ ಎದರ ಮ್ಯಾಲೆ?"

ತಿರಕಪ್ಪನಿಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಆಶ್ರಮಕ್ಕೆ ಬಂದು ಇಷ್ಟು ಕಾಲವಾದ ಮೇಲೆ ತಿಳಿಯಲಿಲ್ಲ ಎನ್ನುವುದು ಹೇಗೆ? ತಿಳಿದವರ ಹಾಗೆ ತಲೆಯಾಡಿಸಿ ಎದ್ದ.

ದಂಡೆಗೆ ಹೊದಿಸುವುದೆಂದರೆ ಪೂಜೆ ಎಂದು ಅವನು ತಿಳಿದಿದ್ದ. ದೇವಿಗೆ ಸೀರೆ ಉಡಿಸುತ್ತಾರೆ, ಮಾರನೆಯ ದಿನ ತೆಗೆದು ಮಡಿಚಿಡುತ್ತಾರೆ. ಇದೂ ಹಾಗೆಯೇ. ಉಡಿಯ ಬೀಜವೆಂದರೆ ಶಾಸ್ತ್ರ. ಹೊದಿಸಿ, ಕೈಮುಗಿದು, ಮಡಿಚಿ ತಂದ ಮೇಲೆ ಈ ಕೌದಿ ಆಶ್ರಮದಲ್ಲಿ ಇರುತ್ತದೆ, ತಲೆತಲಾಂತರ ಜನ ಬಂದು ನೋಡುತ್ತಾರೆ. ಆಗ ಬಣ್ಣ ಮಾಸಿದ್ದರೆ ಅವರು ಏನೆಂದಾರು?

ಹೊದಿಸುವ ದಿನಕ್ಕೆ ಕೈ ಸಾಲದೆಂದು ಆಚೆ ದಂಡೆಯವರನ್ನು ಕರೆಯಲು ಸಾವಂತ್ರವ್ವ ನಾವೆ ಹತ್ತಿದರು.

ತಿರಕಪ್ಪ ಒಲೆಗೆ ಕಟ್ಟಿಗೆ ಒಟ್ಟಿದ.

ದೊಡ್ಡ ಕೊಪ್ಪರಿಗೆಯಲ್ಲಿ, ಬಣ್ಣ ಬಟ್ಟೆಗೆ ಕಚ್ಚಿ ನಿಲ್ಲಲೆಂದು, ಪಟಿಕದ ನೀರು ಕಾಯಿಸಿದ. ಪಟ್ಟಿಗಳನ್ನು ಒಂದೊಂದಾಗಿ ಇಳಿಬಿಟ್ಟು ಕುದಿಸಿದ. ಹಿಂಡಿದ, ಬಂಡೆಗಳ ಮೇಲೆ ಹರವಿದ. ಬೆನ್ನು ಮುರಿಯುವಂಥ ಕೆಲಸ. ಯಾರೂ ಹೇಳದೆ, ಯಾರಿಂದಲೂ ಏನೂ ಬಯಸದೆ ಮಾಡಿದ. ಅವನ ಮನಸ್ಸಿನಲ್ಲಿ ಕೇಡಿರಲಿಲ್ಲ, ಅದನ್ನು ನಾನು ಹೇಳಲೇಬೇಕು.

ಬಿಸಿಲಿಗೆ ಒಣಗಿದ ಮೇಲೆ ಬಣ್ಣಗಳು ಎದ್ದು ನಿಂತವು. ಹಳದಿ ಹಳದಿಯಾಯಿತು, ನೀಲಿ ನೀಲಿಯಾಯಿತು. ಒದ್ದೆ ಕೈಯಿಂದ ತಿಕ್ಕಿ ನೋಡಿದ. ಒಂದು ಚೂರೂ ಬಿಡಲಿಲ್ಲ. ಅವನ ಎದೆ ತುಂಬಿ ಬಂತು.

ಸಾವಂತ್ರವ್ವ ಮರಳಿ ಬಂದು ಪಟ್ಟಿಗಳ ಮೇಲೆ ಕೈಯಾಡಿಸಿದರು. ಒಂದು ಕಡೆ ಕೈ ನಿಂತಿತು.

"ಚಂದ ಆಗೇತಿ," ಎಂದರು. ನಿಜವಾಗಿಯೇ ಹೇಳಿದರು.

ಆಮೇಲೆ ಅಂಬಿಗರ ಓಣಿಯ ಪಟ್ಟಿಯಲ್ಲಿ ಫಕೀರವ್ವನ ತುಂಡು ಹುಡುಕಿ, ಒಂದು ಹೊಲಿಗೆ ಸಡಿಲಿಸಿ, ಕೆಲವು ಅವರೆಕಾಳು ತೆಗೆದು ಅವನ ಅಂಗೈಗೆ ಹಾಕಿದರು.

"ಒದ್ದಿ ಅರಿವ್ಯಾಗ ಕಟ್ಟಿ ಇಡು. ಮಳಕಿ ಬಂದ ಮ್ಯಾಲೆ ನನಗ ತೋರ್ಸು."

ಅವನು ಕಟ್ಟಿಟ್ಟ. ದಿನವೂ ನೀರು ಚಿಮುಕಿಸಿದ. ಕಾಳು ಊದಿದವು. ಅವನು ಕಾದ. ಸಿಪ್ಪೆ ಸುಲಿಯಿತು. ಇನ್ನೂ ಕಾದ.

ಮೊಳಕೆ ಬರಲಿಲ್ಲ. ನಾತ ಬಂತು.

ತಿರಕಪ್ಪ ಆ ಗಂಟನ್ನು ಹಿಡಿದುಕೊಂಡು ಬಂದು ಗುರುವಿನ ಮುಂದೆ ಕೂತ. ಅದನ್ನು ಬಿಚ್ಚಿ ಕೊಳೆತ ಕಾಳು ತೋರಿಸಿದ.

"ಸತ್ತಾವ್ರಿ ಅವ್ವಾರ. ಎಲ್ಲಾ ಸತ್ತಾವ."

"ಹೂಂ."

"ಕೌದಿ ಹೊದಿಸಿ, ಮತ್ತ ಮಡಚಿ ಇಡೂದಲ್ಲೇನ್ರಿ?"

"ಇಲ್ಲ. ಅರಿವಿ ಅಲ್ಲೇ ಕೊಳೀಬೇಕು. ಬೀಜ ಎದ್ದು ಬೇರ ಬಿಟ್ಟು ದಂಡಿ ಹಿಡೀಬೇಕು."

"ನಾ ಕುದಿಸಿದ್ದು ನಿಮಗ ಅವತ್ತ ಗೊತ್ತಾತೇನ್ರಿ?"

"ಮುಟ್ಟಿದ ಕೂಡ್ಲೆ."

"ಮತ್ತ ಯಾಕ ಬೈಲಿಲ್ರಿ?"

"ಬೈದಿದ್ರ ನನ್ನ ಮಾತಿಗೆ ಅಳತಿದ್ದಿ," ಎಂದರು ಸಾವಂತ್ರವ್ವ. "ಈಗ ಕಾಳಿಗೆ ಅಳಾಕತ್ತಿ."

ಹೊರಗೆ ಮೋಡ ಕಟ್ಟುತ್ತಿತ್ತು. ಮೃಗಶಿರ ಮಳೆ ದೂರವಿರಲಿಲ್ಲ. ಜನ ಕೌದಿಗೆ ಹಾಕಿದ್ದು ಬಿತ್ತಲು ಉಳಿಸಿಕೊಂಡಿದ್ದ ಬೀಜ. ಮನೆಯಲ್ಲಿ ಉಳಿದದ್ದು ಅವರವರ ಹೊಲಕ್ಕೇ ಸಾಲದಷ್ಟು. ತಿರಕಪ್ಪನಿಗೆ ಇದೆಲ್ಲ ಒಟ್ಟಿಗೇ ಹೊಳೆಯಿತು. ಎದ್ದು ಹೋಗಿ ತನ್ನ ಬಟ್ಟೆ ಗಂಟು ಕಟ್ಟಿಕೊಂಡು ಬಂದ.

"ನಾ ಹೊಕ್ಕೀನ್ರಿ. ಇಲ್ಲೆ ಯಾರಿಗೆ ಮಾರಿ ತೋರಸಲಿ?"

"ಹೋಗು," ಎಂದರು ಸಾವಂತ್ರವ್ವ, ಒಲೆಯ ಕಡೆ ತಿರುಗುತ್ತ. "ಮನಿಮನಿ ಮುಂದ ಹಾದು ಹೋಗು."

ಗುರುವಿನ ಮಾತು. ಮೀರುವ ಹಾಗಿಲ್ಲ. ಹೆಗಲ ಮೇಲೆ ಗಂಟು ಹೊತ್ತು ಅವನು ಮೊದಲ ಬಾಗಿಲಿಗೆ ನಿಂತ. ಬಾಗಿಲ ಮುಂದೆ ನಿಂತ ಮೇಲೆ ಏನಾದರೂ ಹೇಳಬೇಕಲ್ಲ. ಮಾಡಿದ್ದನ್ನು ಹೇಳಿದ.

ಆ ಮನೆಯವರು ಬಾಗಿಲು ಹಾಕಿಕೊಂಡರು.

ಎರಡನೆಯ ಮನೆಯ ಹೆಂಗಸು ಕೇಳಿಸಿಕೊಂಡು, ಒಳಗೆ ಹೋಗಿ ಒಂದು ಹಿಡಿ ಮಡಿಕೆ ಕಾಳು ತಂದು ಅವನ ಗಂಟಿನಲ್ಲಿ ಸುರಿದಳು. ಬಾಗಿಲು ಹಾಕಿಕೊಂಡದ್ದೇ ಮೇಲಾಗಿತ್ತು ಅನಿಸಿತು ಅವನಿಗೆ.

ದಾವಲಸಾಬ ಕಟ್ಟೆಯ ಮೇಲೆ ಕೂತಿದ್ದ.

"ಕೌದಿ ಬೇಯಿಸಿದೇನೋ? ಉಪ್ಪು ಖಾರಾ ಹಾಕಿದ್ದಿ ಇಲ್ಲೋ?" ಎಂದ. ತಿರಕಪ್ಪ ತಲೆ ಎತ್ತಲಿಲ್ಲ. ದಾವಲಸಾಬನ ನಗೆ ನಿಂತಿತು. "ಬಿತ್ತಾಕ ಅಂತ ಹೊಟ್ಟಿ ಕಟ್ಟಿ ಇಟ್ಟ ಹುರುಳಿ ಅದು. ನನ್ನ ಹೆಂಡ್ತಿ ಜ್ವರ ಬಂದಾಗ ಸೈತ ಅದನ್ನ ಮುಟ್ಟಿರಲಿಲ್ಲ. ಗೊತ್ತೈತಿ ನಿನಗ?"

"ಗೊತ್ತಿರಲಿಲ್ರಿ ಕಾಕಾ."

"ಕೇಳಬೇಕಿತ್ತು."

"ಹೌದ್ರಿ."

ದಾವಲಸಾಬ ಎದ್ದ. ಒಳಗೆ ಹೋಗಿ, ಉಳಿದಿದ್ದರಲ್ಲಿ ಅರ್ಧ ತಂದು ಕೊಟ್ಟ. "ಸೂಜಿ ಹಿಡಕೊಂಡು ನಾಳೆ ಬರ್ತೀನಿ. ಮತ್ತ ಚುಚ್ಚಿಸಿಕೋಬೇಕಲ್ಲೋ ನಿನ್ನ ಸಲುವಾಗಿ," ಎಂದ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಅವನಿಗಿಂತ ಮುಂದೆ ಓಡುತ್ತಿತ್ತು. ಓಣಿಯ ಮಕ್ಕಳು ಅವನಿಗೆ 'ಕೌದಿ ಸಾರು' ಎಂದು ಹೆಸರಿಟ್ಟಿದ್ದವು. ಬೈದ ಮನೆಗಳೇ ಹೆಚ್ಚು. ಬೈದ ಮನೆಗಳಲ್ಲಿ ಬೀಜ ಕೊಡದೆ ಕಳಿಸಿದವು ಬಹಳ ಕಡಿಮೆ. ಒಬ್ಬಳು ಚೆನ್ನಾಗಿ ಬೈದು, ದಣಿದ ಮೇಲೆ, "ಉಂಡಿಯೋ ಇಲ್ಲೋ?" ಎಂದು ಕೇಳಿ ರೊಟ್ಟಿ ಹಾಕಿದಳು.

ಕೊನೆಗೆ ಫಕೀರವ್ವನ ಮನೆ. ಅಡುಗೆಮನೆಯ ಗೋಡೆಯ ಕೆಳಗೆ ಹೊಳೆ ಸಣ್ಣಗೆ ಸದ್ದು ಮಾಡುತ್ತಿತ್ತು.

ಅವನು ಹೇಳಿದ. ಅವಳು ಕೇಳಿದಳು.

"ಎಲ್ಲಾನೂ?"

"ಎಲ್ಲಾನೂ, ಆಯಿ."

ಫಕೀರವ್ವ ಮೂಲೆಯಿಂದ ಒಂದು ಗಡಿಗೆ ತಂದು ಅವನ ಮುಂದೆ ಬೋರಲು ಮಾಡಿದಳು. ಬೀಜಕ್ಕೆ ಹುಳ ಹತ್ತದಿರಲಿ ಎಂದು ಬೆರೆಸುವ ಬೂದಿ ಮಾತ್ರ ಬಿತ್ತು.

"ನನ್ನ ತವರಮನಿ ಅವರಿ," ಎಂದಳು. "ಮದಿವ್ಯಾಗ ನಮ್ಮವ್ವ ಉಡಿಯೊಳಗ ಹಾಕಿ ಕಳಿಸಿದ್ದು. ವರ್ಷಾ ಬಿತ್ತತಿದ್ದೆ, ವರ್ಷಾ ತಗದ ಇಡತಿದ್ದೆ. ಈ ಸಲ ಎಲ್ಲಾ ಕೌದ್ಯಾಗ ಇಟ್ಟು ಹೊಲದೆ. ಮನೀನ ಹೊಳಿಗೆ ಹೋದ್ರ ಅವರಿ ಎಲ್ಲಿ ಹಚ್ಚಲಿ?"

ಅವಳು ಬೈಯಲಿಲ್ಲ, ಅಳಲಿಲ್ಲ. ಗಡಿಗೆಯನ್ನು ಎತ್ತಿ ಮೊದಲಿದ್ದ ಮೂಲೆಯಲ್ಲೇ ಇಟ್ಟಳು.

ಮನೆಗಳು ಮುಗಿದಿದ್ದವು. ಮುಂದೆ ಊರ ಹೊರಗಿನ ದಾರಿ. ತಿರಕಪ್ಪನಿಗೆ ಆ ದಾರಿಯ ಕಡೆ ಹೆಜ್ಜೆ ಏಳಲಿಲ್ಲ.

"ಆಯಿ, ಈ ಬೀಜಾ ಯಾರಿಗರ ಕೊಟ್ಟಿದ್ರೇನು?"

"ಯಾರಿಗೆ ಕೊಟ್ಟಿಲ್ಲ? ಯಾವ ಮಗಳ ಉಡಿ ತುಂಬಿದ್ರೂ ಒಂದ ಬೊಗಸಿ ಹಾಕತಿದ್ದೆ. ಯಾರ ಬಿತ್ತಿದ್ರೋ, ಯಾರ ಬೇಯಿಸಿಕೊಂಡ ತಿಂದ್ರೋ."

ಅವನು ಬಂದ ದಾರಿಯಲ್ಲೇ ತಿರುಗಿದ. ಮತ್ತೆ ಅವೇ ಬಾಗಿಲುಗಳು. ಬೆಳಿಗ್ಗೆ ಬಾಗಿಲು ಹಾಕಿಕೊಂಡಿದ್ದ ಮನೆಯ ಮುಂದೆಯೂ ನಿಂತ.

"ಫಕೀರವ್ವ ಆಯಿಯ ಅವರಿ ಐತೇನ್ರಿ ನಿಮ್ಮಲ್ಲೆ?"

"ಇತ್ತು. ಹ್ವಾದ ವರ್ಷ ಪಲ್ಯಾ ಮಾಡಿದ್ವಿ."

"ಇತ್ತಪಾ. ಮಂಗ್ಯಾ ಬಂದು ತಿಂದು ಹೋತು."

"ನಮ್ಮ ನೀಲವ್ವನ ಉಡಿಯೊಳಗ ಹಾಕಿದ್ಲು ಆಕಿ. ನೀಲವ್ವನ್ನ ಹೊಳಿಯಾಚೆ ಕೊಟ್ಟೀವಿ. ಅಲ್ಲೆ ಕೇಳು."

ದಾವಲಸಾಬ ಅವನನ್ನು ನಾವೆಯಲ್ಲಿ ದಾಟಿಸಿದ. ಇಳಿಯುವಾಗ, "ಸಿಗತೈತಿ ತಗೋ," ಎಂದ.

ನೀಲವ್ವನ ಮನೆಯ ಮಾಡಿನ ಕೆಳಗೆ ಒಣಗಿದ ಅವರೆಯ ಗೊಂಚಲು ಜೋತಾಡುತ್ತಿತ್ತು. ತಿರಕಪ್ಪ ಹೊಸ್ತಿಲಲ್ಲೇ ನಿಂತು ಅದರತ್ತ ಬೆರಳು ತೋರಿಸಿದ.

"ಇದಕ್ಕ ನಮ್ಮೂರಾಗ ಹೊಳಿಯಾಚೆ ಅವರಿ ಅಂತಾರ," ಎಂದಳು ನೀಲವ್ವ. "ಫಕೀರವ್ವಕ್ಕ ಕೊಟ್ಟಿದ್ದು. ಈಗ ಓಣಿ ತುಂಬ ಆಗೇತಿ."

ಅವನು ಎಲ್ಲವನ್ನೂ ಹೇಳಿದ. ಹೇಳಿ ಹೇಳಿ ಅವನಿಗೆ ಈಗ ನಾಲಿಗೆ ತಡವರಿಸುತ್ತಿರಲಿಲ್ಲ. ನೀಲವ್ವ ಗೊಂಚಲನ್ನು ಇಳಿಸಿದಳು. ಸೆರಗು ಸಿಕ್ಕಿಸಿಕೊಂಡು ತಾನೂ ಹೊರಟಳು.

"ಅಕ್ಕನ ಕೌದಿಗೆ ನಂದೂ ಒಂದ ತುಂಡು ಇರ್ಲಿ," ಎಂದಳು. ಅವಳ ಹಿಂದೆ ಅವಳ ಓಣಿಯ ಹೆಂಗಸರು ಹಳೆಯ ಸೀರೆಗಳನ್ನು ಕಂಕುಳಲ್ಲಿ ಇರುಕಿಕೊಂಡು ಬಂದರು. ನಾವೆ ಆ ದಿನ ಎಷ್ಟು ಸಲ ಆಚೆ ಈಚೆ ಹೋಯಿತೋ ದಾವಲಸಾಬನೇ ಬಲ್ಲ.

ಫಕೀರವ್ವ ಒಂದು ಕಾಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು. ಮೂಸಿದಳು. ಹಲ್ಲಿನಲ್ಲಿ ಸಣ್ಣಗೆ ಕಚ್ಚಿದಳು.

"ಇದನ," ಎಂದಳು. ಅವಳ ಕಣ್ಣು ಈಗ ತುಂಬಿದವು. ಮುಖ ಆಚೆ ತಿರುಗಿಸಿ, "ನಡಿ, ಸೂಜಿ ತಗೋತೀನಿ," ಎಂದಳು.

ಮರುದಿನ ಎರಡೂ ದಂಡೆಯವರು ಆಶ್ರಮದ ಅಂಗಳದಲ್ಲಿ ಕೂತರು. ಹೊಲಿದದ್ದನ್ನು ಬಿಚ್ಚಬೇಕು, ಸತ್ತ ಕಾಳು ತೆಗೆಯಬೇಕು, ಜೀವಂತ ಬೀಜ ಇಟ್ಟು ಮತ್ತೆ ಹೊಲಿಯಬೇಕು.

ತಿರಕಪ್ಪ ಕೈಮುಗಿದು ನಿಂತ. "ನೀವ್ಯಾರೂ ಮುಟ್ಟಬ್ಯಾಡ್ರಿ. ಎಲ್ಲಾ ನಾನ ಬಿಚ್ಚತೀನಿ, ನಾನ ಹೊಲೀತೀನಿ. ತಪ್ಪು ನಂದು."

"ತಪ್ಪು ನಿಂದು," ಎಂದರು ಸಾವಂತ್ರವ್ವ. "ಹೊಲಿಗಿ ಅವರದು. ನೀ ದಾರ ಪೋಣಿಸಿ ಕೊಡು."

ಅವನು ದಾರ ಪೋಣಿಸಿದ. ಕಣ್ಣು ಮಂಜಾದ ಅಜ್ಜಿಯರು ಸೂಜಿ ಚಾಚಿದಲ್ಲೆಲ್ಲ ಹೋಗಿ ಪೋಣಿಸಿ ಕೊಟ್ಟ. "ಕೌದಿ ಸಾರು, ಇಲ್ಲೊಂದು ಸೂಜಿ ಐತಿ ಬಾರೋ," ಎಂದು ಹೆಂಗಸರು ಕರೆದರು. ಅವನು ಹೋದ. ಸಂಜೆಯ ಹೊತ್ತಿಗೆ ಅವನಿಗೂ ನಗು ಬಂದಿತ್ತು.

ಅಷ್ಟೂ ಹೊತ್ತು ಅವನು ಜನರ ಸೊಟ್ಟ ಹೊಲಿಗೆಯನ್ನು ಹತ್ತಿರದಿಂದ ನೋಡಿದ. ಒಬ್ಬೊಬ್ಬರ ಕೈ ಒಂದೊಂದು ಕಡೆ ವಾಲುತ್ತಿತ್ತು. ಯಾವುದನ್ನೂ ತಿದ್ದಬೇಕು ಅನಿಸಲಿಲ್ಲ.

"ಹೊಕ್ಕೀನಿ ಅಂದಿದ್ದೆಲ್ಲ?" ಎಂದು ಸಾವಂತ್ರವ್ವ ಕೇಳಿದರು.

"ಮನಿ ಇನ್ನೂ ಮುಗದಿಲ್ರಿ ಅವ್ವಾರ."

ಅವರು ತಮ್ಮ ಸೂಜಿಯನ್ನೂ ಅವನ ಮುಂದೆ ಚಾಚಿದರು.

ಕೌದಿ ಹೊದಿಸಿದ ದಿನ ಆ ದಂಡೆಯನ್ನು ಕಂಡವರು ಪುಣ್ಯವಂತರು. ಪಟ್ಟಿಗಳನ್ನು ಸಾಲಾಗಿ ತಲೆಯ ಮೇಲೆ ಹೊತ್ತು ಜನ ಇಳಿದರು. ಜಾಲಿಯ ಗೂಟ ಬಡಿದು ಬಿಗಿದರು. ಅಂಬಿಗರ ಓಣಿಯ ಕೆಳಗಿನ ಬೋಳು ದಂಡೆ ಉದ್ದಕ್ಕೂ ಹಳದಿ, ಕಂದು, ನೀಲಿ, ಕೆಂಪಾಗಿ ಹರಡಿಕೊಂಡಿತು. ನಡುವೆ ಆಚೆ ದಂಡೆಯವರ ಸೀರೆಯ ತುಂಡುಗಳೂ ಇದ್ದವು. ನಡೆಯಲು ಬಾರದ ಮುದುಕರನ್ನು ಹೊತ್ತು ತಂದು ತೋರಿಸಿದರು.

ಆಮೇಲೆ ಮಳೆ ಬಂತು.

ಮೇಲಿನ ಮಣ್ಣು ಇಳಿದು ಕೌದಿಯ ಮೇಲೆ ಹರಿಯಿತು. ಹಳದಿ ಮುಚ್ಚಿತು, ನೀಲಿ ಮುಚ್ಚಿತು. ಒಂದು ಬಣ್ಣವೂ ಕಾಣದ ಹಾಗೆ ಕೆಸರಾಯಿತು. ತಿರಕಪ್ಪ ಮಳೆಯಲ್ಲಿ ನೆನೆಯುತ್ತ ನೋಡುತ್ತಿದ್ದ. ಎಷ್ಟಾದರೂ ಬಣ್ಣಗಾರನ ಮಗ. ಓಡಿಹೋಗಿ ಒಂದು ಮೂಲೆಯನ್ನಾದರೂ ಎತ್ತಿ ತೊಳೆಯಬೇಕು ಅನಿಸಿತು. ಓಡಲಿಲ್ಲ.

ಸಾವಂತ್ರವ್ವ ಬಂದು ಅವನ ತಲೆಯ ಮೇಲೆ ಗೋಣಿಚೀಲ ಹೊದಿಸಿ ಹೋದರು.

ಹೊಲಿಗೆಯ ಸಂದಿಯಲ್ಲಿ ಮೊದಲು ಹುರುಳಿ ಎದ್ದಿತು. ಆಮೇಲೆ ಮಡಿಕೆ, ಗರಿಕೆ. ಅವರೆಯ ಬಳ್ಳಿ ಗೂಟ ಹತ್ತಿ, ಗೂಟ ಸಾಲದೆ ಒಂದರ ಮೇಲೊಂದು ಹತ್ತಿತು. ಯಾರ ತುಂಡು ಯಾವುದು ಎಂದು ಜನ ಕೆಲವು ದಿನ ಗುರುತು ಹಿಡಿಯುತ್ತಿದ್ದರು. ಬಳ್ಳಿಗಳು ಹೆಣೆದುಕೊಂಡ ಮೇಲೆ ಅದೂ ಆಗಲಿಲ್ಲ.

ಹೊಲಗಳಲ್ಲಿ ಆ ಸಲ ಬಿತ್ತನೆ ತೆಳುವಾಗಿತ್ತು. ಕೊಟ್ಟ ಬೀಜಕ್ಕೆ ಯಾರೂ ಮರುಗಲಿಲ್ಲ ಎಂದರೆ ಸುಳ್ಳಾದೀತು. ಮರುಗಿದರು, ಆದರೂ ಸಂಜೆ ದಂಡೆಗೆ ಬಂದು ಹಸಿರನ್ನು ನೋಡಿಹೋಗುತ್ತಿದ್ದರು.

ಆಷಾಢ ಕಳೆಯುವ ಹೊತ್ತಿಗೆ ಮೇಲಿನ ಸೀಮೆಯಲ್ಲಿ ಮಳೆ ಹೊಡೆದು ನೆರೆ ಬಂತು.

ಅಂಬಿಗರ ಓಣಿಯವರು ಪಾತ್ರೆಪಗಡ ಹೊತ್ತು ಆಶ್ರಮದ ಎತ್ತರಕ್ಕೆ ಬಂದರು. ಫಕೀರವ್ವ ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ತನ್ನ ಮನೆಯ ಕಡೆ ಮುಖ ಮಾಡಿ ಕೂತಳು. ಊಟಕ್ಕೆ ಕರೆದರೂ ಏಳಲಿಲ್ಲ. ತಿರಕಪ್ಪ ಅವಳ ಪಕ್ಕದಲ್ಲಿ ಕೂತ. ಕೆಂಪು ನೀರು ದಂಡೆಯನ್ನು ಮುಚ್ಚಿ, ಅಡುಗೆಮನೆಯ ಗೋಡೆಯನ್ನು ಮುಟ್ಟಿ ನಿಂತಿತು.

"ಬಿತ್ತೇನೋ ತಮ್ಮಾ?" ಎಂದು ಅವಳು ಮತ್ತೆ ಮತ್ತೆ ಕೇಳಿದಳು. ಅವಳಿಗೆ ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ.

"ಇಲ್ಲ ಆಯಿ. ನಿಂತೈತಿ."

"ಈಗ?"

"ನಿಂತೈತಿ."

ನೀರು ಇಳಿಯಿತು.

ಓಣಿಯ ಆಚೆ, ಕೌದಿ ಸಾಲದೆ ಬಿಟ್ಟಿದ್ದ ಜಾಗದಲ್ಲಿ ದಂಡೆ ಕಡಿದು ಬಿದ್ದಿತ್ತು. ಓಣಿ ಉಳಿದಿತ್ತು. ಫಕೀರವ್ವ ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳ ಮನೆಯ ಮಾಡಿನಿಂದ ಒಲೆಯ ಹೊಗೆ ಎದ್ದಿತು. ಅದನ್ನು ನೋಡಿ ದಾವಲಸಾಬ ಎಲ್ಲರೆದುರಿಗೇ ಅತ್ತ.

ತಿರಕಪ್ಪ ದಂಡೆಗೆ ಇಳಿದ. ಹುರುಳಿ, ಗರಿಕೆ, ಅವರೆ ಎಲ್ಲವೂ ಕೆಸರು ಮೆತ್ತಿಕೊಂಡು ನೆಲಕ್ಕೆ ಒರಗಿದ್ದವು. ಆದರೆ ಒಂದೂ ಕಿತ್ತು ಹೋಗಿರಲಿಲ್ಲ. ಅವನಿಗೆ ಬಹಳ ಸಂತೋಷವಾಯಿತು. ಆ ಸಂತೋಷದಲ್ಲೇ ಒಂದು ಆಸೆ ಹುಟ್ಟಿತು. ಆ ಕೌದಿಯ ಒಂದು ಚೂರಾದರೂ ಸಿಕ್ಕರೆ ಇಟ್ಟುಕೊಳ್ಳಬೇಕು.

ಎಲೆ ಸರಿಸಿ ನೋಡಿದ. ಬಟ್ಟೆ ಕಾಣಲಿಲ್ಲ. ಕೆಸರು ಕೆದಕಿ ನೋಡಿದ. ಅಲ್ಲಿಯೂ ಇಲ್ಲ. ಒಂದು ಅವರೆಯ ಬಳ್ಳಿಯನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಜಗ್ಗಿದ. ಬೇರುಗಳು ಹೆಣೆದು ಹಿಡಿದಿದ್ದ ಮಣ್ಣು ಸ್ವಲ್ಪ ಮೇಲೆದ್ದಿತು.

ಮೇಲಿನಿಂದ ಸಾವಂತ್ರವ್ವನವರ ಧ್ವನಿ ಬಂತು.

"ಬಿಡೋ ತಿರಕಾ. ಹೊಲಿಗಿ ಬಿಚ್ಚಬ್ಯಾಡ."